‘ಲುಕ್ ಔಟ್’ ಎಂದರೆ ಹೊರಗೆ ನೋಡು ಎಂದಲ್ಲ

ಮಾನ್ಯ ಪಾಠಶಾಲಾ ಇನ್ಸ್‌ಪೆಕ್ಟರ್ ಸಾಹೇಬರೇ,

ನಮ್ಮ ಶಾಲೆಯ ಒಂದು ಕೋಣೆಗೆ ತಾವು ಬೀಗ ಹಾಕಿಸಿದ್ದೀರಿ. ಸಂಜೆ ಮಕ್ಕಳು ಹೋದ ಮೇಲೆ ಆ ಕೋಣೆಯಲ್ಲಿ ಹಂಚಿನ ಕಾರ್ಖಾನೆಯ ಆಳುಗಳಿಗೂ ಬಸ್ಸಿನವರಿಗೂ ನಾನು ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ‘ಯಂತ್ರಗಳ ನಡುವೆ ಆಡುವ ಒರಟು ಮಾತನ್ನು ಇಂಗ್ಲಿಷ್ ಎಂದು ಕಲಿಸುವುದು ಆ ಭಾಷೆಗೂ ಈ ಇಲಾಖೆಗೂ ಅವಮಾನಕರ’ ಎಂಬುದು ತಮ್ಮ ಆಜ್ಞೆಯ ಒಕ್ಕಣೆ. ಇಂಗ್ಲಿಷಿನ ಮಾನ ಕಾಯಲು ಮಂಗಳೂರಿನಲ್ಲಿ ಒಬ್ಬರಾದರೂ ಇದ್ದಾರೆಂದು ತಿಳಿದು ಸಂತೋಷವಾಯಿತು. ನನ್ನ ಅಣ್ಣನ ಬಲಗೈ ಕಾಯಲು ಮಾತ್ರ ಯಾರೂ ಇರಲಿಲ್ಲ.

ಅಣ್ಣನ ಹೆಸರು ನೋಣಯ್ಯ. ನೇತ್ರಾವತಿಯ ದಡದ ಹಂಚಿನ ಕಾರ್ಖಾನೆಯಲ್ಲಿ ಹಂಚು ಒತ್ತುವ ಯಂತ್ರದ ಹತ್ತಿರ ಅವನ ಕೆಲಸ. ಅವನು ಅಕ್ಷರ ಬಾರದವನಲ್ಲ, ತಮ್ಮ ಇಲಾಖೆಯ ಶಾಲೆಯಲ್ಲೇ ಓದಿದವನು. ಇಂಗ್ಲಿಷಿನಲ್ಲಿ ಮೊದಲಿಗನೆಂದು ತಮ್ಮ ಹಿಂದಿನವರ ಕೈಯಿಂದ ಬಹುಮಾನ ಪಡೆದವನು. ‘ಲುಕ್’ ಎಂದರೆ ನೋಡು, ‘ಔಟ್’ ಎಂದರೆ ಹೊರಗೆ ಎಂದು ಅವನಿಗೆ ಬಾಯಿಪಾಠ ಮಾಡಿಸಿದ್ದು ತಮ್ಮ ಪಠ್ಯಪುಸ್ತಕ. ಕಳೆದ ಮಳೆಗಾಲದಲ್ಲಿ ಕಾರ್ಖಾನೆಗೆ ಹೊಸ ಯಂತ್ರ ಬಂತು, ಅದರ ಜೊತೆಗೆ ಇಂಗ್ಲೆಂಡಿನಿಂದ ಹೊಸ ದೊರೆಯೂ ಬಂದರು. ಒಂದು ದಿನ ಕೆಲಸ ನಡೆಯುತ್ತಿರುವಾಗ ಯಂತ್ರ ತಿರುಗಿಸುವ ದೊಡ್ಡ ಚರ್ಮದ ಪಟ್ಟಿ ಮೇಲಿನ ಚಕ್ರದಿಂದ ಜಾರತೊಡಗಿತು. ದೂರದಲ್ಲಿದ್ದ ದೊರೆ ಅದನ್ನು ಕಂಡು ‘ಲುಕ್ ಔಟ್, ನೋಣಯ್ಯಾ!’ ಎಂದು ಕೂಗಿದರು. ಇಂಗ್ಲಿಷ್ ಬಲ್ಲ ನನ್ನ ಅಣ್ಣ ಕಿಟಕಿಯಿಂದ ಹೊರಗೆ ನೋಡಿದ.

ಆಸ್ಪತ್ರೆಯಲ್ಲಿ ಅವನಿಗೆ ಮಾತು ಬಂದಾಗ ನಾನು ಕೇಳಿದೆ. ನಾವು ಆಡಿದ್ದು ತುಳುವಿನಲ್ಲಿ. ತುಳುವಿನಿಂದಲೂ ತಮಗೆ ಅವಮಾನವಾದೀತೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಎಂತ ಆಯ್ತು ಅಣ್ಣಾ? ಪಟ್ಟಿ ಜಾರಿದ್ದು ಕಾಣಲಿಲ್ವಾ?”

“ಹೇಗೆ ಕಾಣುವುದು? ದೊರೆ ಹೊರಗೆ ನೋಡು ಅಂದ್ರು. ಹಂಚಿನ ಮಣ್ಣು ತರುವ ದೋಣಿ ಬಂತಾ ಅಂತ ನೋಡ್ಲಿಕ್ಕೆ ಹೇಳಿದ್ರೋ ಏನೋ ಅಂತ ಗ್ರಹಿಸಿದೆ. ಹೊಳೆಯಲ್ಲಿ ದೋಣಿ ಇರ್ಲಿಲ್ಲ.” ಆಮೇಲೆ ಕೇಳಿದ: “ದೊರೆಗೆ ಸಿಟ್ಟು ಬಂದಿದೆಯಾ?”

ಬ್ಯಾಂಡೇಜು ಸುತ್ತಿದ ಮೊಂಡು ಮಣಿಕಟ್ಟನ್ನು ಎದೆಯ ಮೇಲಿಟ್ಟುಕೊಂಡು ಅವನು ಕೇಳಿದ್ದು ಇದನ್ನು. ದೊರೆಗೆ ಸಿಟ್ಟು ಬರಲಿಲ್ಲ, ಅವರು ಅತ್ತರು. ಆದರೆ ಕಾರ್ಖಾನೆಯ ವಿಚಾರಣೆಯಲ್ಲಿ ‘ಸ್ಪಷ್ಟ ಇಂಗ್ಲಿಷಿನಲ್ಲಿ ಎಚ್ಚರಿಕೆ ಕೊಟ್ಟರೂ ಆಳು ಲಕ್ಷಿಸಲಿಲ್ಲ’ ಎಂದೇ ತೀರ್ಮಾನವಾಯಿತು. ಲಕ್ಷಿಸಿದ್ದರಿಂದಲೇ ಕೈ ಹೋಯಿತು ಎಂದು ನಾನು ಯಾರಿಗೆ ಹೇಳಲಿ? ಇಂಗ್ಲಿಷಿನ ಗಂಧವೇ ಇಲ್ಲದವನಾಗಿದ್ದರೆ ಆ ಕೂಗಿಗೆ ಬೆಚ್ಚಿ ಕೈ ಎಳೆದುಕೊಳ್ಳುತ್ತಿದ್ದ. ಬಹುಮಾನ ಪಡೆದವನಾದ್ದರಿಂದ ಅರ್ಥ ಮಾಡಿಕೊಂಡ!

ಆ ಸಿಟ್ಟಿನಲ್ಲಿ ಹುಟ್ಟಿದ್ದು ನನ್ನ ಸಂಜೆಯ ತರಗತಿ. ಊರಿಗೆ ಬಸ್ಸು ಬಂದಿದೆ, ವಿದ್ಯುದ್ದೀಪ ಬಂದಿದೆ, ಟೆಲಿಫೋನ್ ಬಂದಿದೆ. ಅವುಗಳ ಬೆನ್ನಿಗೆ ಒಂದು ಹೊಸ ಇಂಗ್ಲಿಷ್ ಬಂದಿದೆ, ಅದು ತಮ್ಮ ಪಠ್ಯದಲ್ಲಿಲ್ಲ. ಎರಡು ಸಾದಾ ಪದಗಳು ಜೋಡಿಯಾದರೆ ಮೂರನೆಯದೇ ಅರ್ಥ. ಬಸ್ಸು ‘ಬ್ರೇಕ್ ಡೌನ್’ ಆಯಿತೆಂದರೆ ಮುರಿದು ಕೆಳಗೆ ಬಿದ್ದದ್ದಲ್ಲ, ದಾರಿಯಲ್ಲಿ ಕೆಟ್ಟು ನಿಂತದ್ದು. ದೀಪ ‘ಪುಟ್ ಔಟ್’ ಮಾಡು ಎಂದರೆ ಹೊರಗಿಡುವುದಲ್ಲ, ಆರಿಸುವುದು. ಬಸ್ಸು ಓಡಿಸುವ ಹಸೈನಾರ್ ಹಳೆಯ ಎಂಜಿನ್ನಿನ ತುಂಡುಗಳನ್ನು ಗೋಣಿಯಲ್ಲಿ ತಂದು ಮೇಜಿನ ಮೇಲೆ ಸುರಿಯುತ್ತಿದ್ದರು. ನಾವು ಒಂದೊಂದನ್ನೇ ಮುಟ್ಟಿ, ತಿರುಗಿಸಿ, ಬಿಚ್ಚಿ, ಮಾತು ಕಲಿಯುತ್ತಿದ್ದೆವು. ಬಾಯ್ಲರಿನ ಹೆಚ್ಚಿನ ಆವಿ ಹೊರಬಿಟ್ಟು ‘ಸ್ಟೀಮ್ ಬ್ಲೋ ಆಫ್’ ಮಾಡುವುದು ಯಾಕೆಂದು ವಿವರಿಸಿ, ಮನುಷ್ಯರೂ ಒಳಗಿನ ಕುದಿಯನ್ನು ಹೊರಹಾಕಿದರೆ ಹಾಗೇ ಹೇಳುತ್ತಾರೆ ಎಂದಾಗ ಹಸೈನಾರ್, “ನನ್ನ ಹೆಂಡತಿಗೆ ದಿನಾ ಉಂಟು ಟೀಚರ್!” ಎಂದರು. ಕೋಣೆಯೆಲ್ಲ ನಕ್ಕಿತು. ಕೈ ಕಳೆದುಕೊಂಡ ಮೇಲೆ ನನ್ನ ಅಣ್ಣ ನಕ್ಕದ್ದು ಅದೇ ಮೊದಲು. ಟೆಲಿಫೋನ್ ಕಚೇರಿಯ ಕೆಲಸಕ್ಕೆ ಅರ್ಜಿ ಹಾಕಿದ್ದ ಕುಶಲಾ, ‘ಹೋಲ್ಡ್ ಆನ್’ ಎಂದರೆ ಯಂತ್ರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯುವುದೆಂದು ತಿಳಿದಿದ್ದಳು. ಅದು ‘ಸ್ವಲ್ಪ ಕಾಯಿರಿ’ ಎಂದು ನಮ್ಮಲ್ಲಿ ಕಲಿತಳು, ಕೆಲಸವೂ ಸಿಕ್ಕಿತು. ತಮ್ಮ ಕಚೇರಿಯಿಂದ ಟೆಲಿಫೋನ್ ಮಾಡಿದಾಗ ತಮ್ಮನ್ನು ಕಾಯಿಸುವ ಒರಟು ಇಂಗ್ಲಿಷು ಅವಳದೇ.

ಆಮೇಲೆ ತಾವು ತನಿಖೆಗೆ ಬಂದಿರಿ. ಮೇಜಿನ ಮೇಲಿನ ಎಣ್ಣೆ ಹತ್ತಿದ ಕಬ್ಬಿಣ ಕಂಡು ಮೂಗಿಗೆ ಕರವಸ್ತ್ರ ಹಿಡಿದಿರಿ. ಬೋರ್ಡಿನ ಮೇಲೆ ‘ಲುಕ್ ಔಟ್’ ಎಂದು ಬರೆದಿತ್ತು.

“ಇದನ್ನು ಯಾರು ಪದ ಬಿಡಿಸಿ ಹೇಳುತ್ತೀರಿ?” ಎಂದು ಕೇಳಿದಿರಿ.

“ಜಾಗ್ರತೆ ಅಂತ, ಸರ್” ಎಂದಳು ಮೊದಲ ಬೆಂಚಿನ ಚಂಪಾ. ಅವಳು ಕಾರ್ಖಾನೆಯಲ್ಲಿ ಹಂಚು ಹೊರುವವಳು.

“ಅರ್ಥ ಯಾರು ಕೇಳಿದರು? ಅರ್ಥ ಆಮೇಲೆ. ಲುಕ್ ಕ್ರಿಯಾಪದ. ಔಟ್ ಸ್ಥಳ ಸೂಚಿಸುವ ಅವ್ಯಯ. ಹೊರಗೆ, ಹೊರಭಾಗಕ್ಕೆ. ಮೊದಲು ಇಷ್ಟು ಕಲಿಯಿರಿ.”

ಹಿಂದಿನಿಂದ ನನ್ನ ಅಣ್ಣ ಎದ್ದುನಿಂತ. ತಮ್ಮ ಬಗ್ಗೆ ಅವನಿಗೆ ನಿಜಕ್ಕೂ ಗೌರವವಿತ್ತು ಸಾಹೇಬರೇ, ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. “ಹೌದು ಸ್ವಾಮೀ,” ಎಂದ, “ನಾನೂ ಹಾಗೇ ಮಾಡಿದ್ದು.”

ತಾವು ಅವನ ತೋಳಿನ ಕಡೆ ಒಮ್ಮೆ ನೋಡಿದಿರಿ. ಮನುಷ್ಯರಾದವರು ಅವನ ಹತ್ತಿರ ಕುರ್ಚಿ ಎಳೆದು ಕೂತು ಏನಾಯಿತೆಂದು ಕೇಳಬಹುದಿತ್ತು. ತಾವು ನನ್ನ ಕಡೆ ತಿರುಗಿ, “ಈ ಜನಕ್ಕೆ ವ್ಯಾಕರಣವಿಲ್ಲದ ಭಾಷೆ ಕಲಿಸಿ ಯಾರನ್ನು ಉದ್ಧಾರ ಮಾಡುತ್ತೀರಮ್ಮಾ?” ಎಂದಿರಿ. ಮರುವಾರ ಬೀಗ ಬಂತು.

ಈಗ ನಾವು ಹಸೈನಾರರ ಬಸ್ ಶೆಡ್ಡಿನಲ್ಲಿ ಕೂರುತ್ತೇವೆ. ಗಂಡಸರು ಬರುತ್ತಾರೆ, ಹೆಂಗಸರು ಬರುವುದಿಲ್ಲ. ಚಂಪಾಳನ್ನು ಕರೆಯಲು ಅವಳ ಮನೆಗೇ ಹೋದೆ. “ಶಾಲೆಗಾದ್ರೆ ಅತ್ತೆ ಬಿಡ್ತಾರೆ ಟೀಚರ್,” ಎಂದಳು. “ಬಸ್ ಶೆಡ್ಡಿಗೆ ಹೋಗ್ತೇನೆ ಅಂದ್ರೆ ಮನೆಯೊಳಗೆ ಸೇರಿಸಿಯಾರಾ?” ಆಮೇಲೆ ಸಂಕೋಚದಿಂದ ಹೇಳಿದಳು: ಹಂಚು ಹೊರುವ ಕೆಲಸದಿಂದ ತೆಗೆದು ಅವಳನ್ನು ಅದೇ ಹೊಸ ಯಂತ್ರದ ಹತ್ತಿರ ಹಾಕುತ್ತಾರಂತೆ. ಕೂಲಿ ಜಾಸ್ತಿ ಎಂದು ಅತ್ತೆಗೆ ಖುಷಿ. “ನಿಂತುಹೋದ ಪಾಠದಲ್ಲಿ ಇನ್ನೂ ತುಂಬ ಮಾತು ಬಾಕಿ ಉಂಟಲ್ಲ ಟೀಚರ್, ದೊರೆ ಅದರಲ್ಲಿ ಯಾವುದನ್ನು ಕೂಗ್ತಾರೋ?” ಎಂದು ಅವಳು ಕೇಳಿದಳು. ಇದಕ್ಕೆ ತಮ್ಮಲ್ಲಿ ಉತ್ತರವಿದೆಯೇ?

ಇಲಾಖೆಯ ಉಪಾಧ್ಯಾಯಿನಿ ಹೊರಗೆಲ್ಲೂ ಪಾಠ ಹೇಳಕೂಡದೆಂದು ತಮ್ಮ ಎರಡನೆಯ ಆಜ್ಞೆ ನಿನ್ನೆ ಕೈಸೇರಿತು. ಓದಿದೆ. ಸಂಜೆ ಶೆಡ್ಡಿಗೆ ಹೋಗಿ ಪಾಠ ಹೇಳಿದೆ. ಇಂದೂ ಹೋಗುವವಳಿದ್ದೇನೆ. ಇದನ್ನು ಅವಿಧೇಯತೆ ಎಂದು ಬರೆದುಕೊಳ್ಳಿ, ಆ ಪದಕ್ಕೆ ನನ್ನಲ್ಲಿ ಬೇರೆ ಅರ್ಥವೇನೂ ಇಲ್ಲ.

ನನ್ನ ಬೇಡಿಕೆ ಚಿಕ್ಕದು. ನನಗೆ ಬಡ್ತಿ ಬೇಡ, ಕ್ಷಮೆಯೂ ಬೇಡ, ಆ ಕೋಣೆ ಬೇಕು. ಚಂಪಾ ಯಂತ್ರದ ಮುಂದೆ ನಿಲ್ಲುವ ಮೊದಲು ಬೀಗ ತೆಗೆಸಿ. ಸಾಧ್ಯವಿಲ್ಲವೆಂದಾದರೆ ತಾವೇ ದಯಮಾಡಿ ಕಾರ್ಖಾನೆಗೆ ಬಂದು ಅವಳ ಪಕ್ಕದಲ್ಲಿ ನಿಂತುಕೊಳ್ಳಿ. ದೊರೆ ಕೂಗಿದಾಗಲೆಲ್ಲ ಕ್ರಿಯಾಪದ ಯಾವುದು, ಅವ್ಯಯ ಯಾವುದು ಎಂದು ಬಿಡಿಸಿ ಹೇಳಿ. ಅಷ್ಟು ಹೊತ್ತು ಯಂತ್ರ ಕಾಯುತ್ತದೆಯೋ ಎಂದು ಅದನ್ನೇ ಕೇಳಿ.

ಇಂತಿ,
ಈ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವ ತನಕ ಮಾತ್ರ ತಮ್ಮ ಇಲಾಖೆಯ ಉಪಾಧ್ಯಾಯಿನಿ,
ನಳಿನಾಕ್ಷಿ
ಮಂಗಳೂರು