ಕೈಗೆ ಕೂರುವ ಪಿಸ್ತೂಲು

ಮಾರ್ಚ್ 4, ಗುರುವಾರ

ಈಗಷ್ಟೇ ಬಂದೆ. ಅಂಗಡಿಯ ಡೆಲಿ ಕೌಂಟರಿನಲ್ಲಿ ಇಡೀ ದಿನ ಹ್ಯಾಮ್ ಮಾಂಸ ಕತ್ತರಿಸಿ ಸೆಟೆದ ಬೆರಳು, ಗುರುವಾರದ ಶೂಟಿಂಗ್ ಕ್ಲಬ್ ಸೇರುವ ಹಳೆ ಕಲ್ಲು ಕ್ವಾರಿಯ ಕೊರೆಯುವ ಗಾಳಿ... ಆದರೂ ಗುರಿಗಿಟ್ಟ ಉಕ್ಕಿನ ತಟ್ಟೆಗಳು ಒಂದೂ ಉಳಿಯದೆ ಬಿದ್ದವು. ಹೆಬ್ಬೆರಳಿನ ಬುಡದಲ್ಲಿ ಚರ್ಮ ಮತ್ತೆ ಕಿತ್ತಿದೆ. ಗೆಳತಿ ನಡೀನ್‌ಳ ಪಿಸ್ತೂಲು ನನ್ನ ಕೈಗೆ ದೊಡ್ಡದು. ಸರಿಯಾಗಿ ಹಿಡಿದರೆ ಬೆರಳು ಟ್ರಿಗರ್ ಮುಟ್ಟುವುದಿಲ್ಲ; ಟ್ರಿಗರ್ ಮುಟ್ಟಿಸಿದರೆ ಹಿಡಿ ಜಾರುತ್ತದೆ.

ಮುಗಿದ ಮೇಲೆ ನಡೀನ್ ಹೇಳಿದಳು— ಟಪಾಲು ಹಂಚುವಾಗ ಬೀದಿನಾಯಿಗಳನ್ನು ಗದರಿಸುತ್ತಿದ್ದ ಅದೇ ದನಿಯಲ್ಲಿ: “ಟ್ರೂಡಿ, ಜೈಲಿನವರು ನಿನ್ನ ಗಂಡನ್ನ ವಾಪಸ್ ಕೊಡ್ತಿದಾರೆ. ನೀನು ನನ್ನ ಪಿಸ್ತೂಲು ವಾಪಸ್ ಕೊಟ್ಟು ನಿಂದೇ ಒಂದು ತಗೊಳೇ.”

ನಿಜ. ಸೆಪ್ಟೆಂಬರಿನಲ್ಲಿ ರಾಜ್ಯಮಟ್ಟದ ಹೆಂಗಸರ ಮ್ಯಾಚ್. ಅವಳೂ ಆಡುತ್ತಾಳೆ. ಒಂದೇ ಪಿಸ್ತೂಲಿನಲ್ಲಿ ಇಬ್ಬರೂ ಆಡುವುದು ಆಗದ ಮಾತು.

ವೆಂಡೆಲ್ ಈ ತಿಂಗಳ ಕೊನೆಗೆ ಬರುತ್ತಾನೆ. ಟ್ರಕ್ಕಿನಲ್ಲಿ ಯಾರದೋ ಅಮಲಿನ ಕಳ್ಳಮಾತ್ರೆ ಸಾಗಿಸಿ ಜೈಲಿಗೆ ಹೋದವನು. ಅವನಿಲ್ಲದ ಮನೆಯಲ್ಲಿ ಟಿ.ವಿ. ಹಚ್ಚಿ ಅದನ್ನೂ ನೋಡದೆ ಕೂತಿರುತ್ತಿದ್ದೆ. ನಡೀನ್ ಕ್ವಾರಿಗೆ ಎಳೆದುಕೊಂಡು ಹೋಗದಿದ್ದರೆ ಈಗಲೂ ಹಾಗೇ.

ಮಾರ್ಚ್ 13, ಶನಿವಾರ

ಬಂದೂಕಿನ ಅಂಗಡಿಗೆ ಹೋಗಿದ್ದೆವು. ಅಂಗಡಿಯವನು ನನ್ನ ಕೈ ನೋಡಿ ಮೊದಲು ತೆಗೆದದ್ದು ಗುಲಾಬಿ ಹಿಡಿಯ ಪುಟಾಣಿ. ಹೆಂಗಸರು ಇದನ್ನೇ ಒಯ್ಯುತ್ತಾರಂತೆ. ಕೈಚೀಲದಲ್ಲಿ ಕೂರುತ್ತದಂತೆ.

ನಡೀನ್ ಕೇಳಿದಳು, “ಕೈಚೀಲಕ್ಕೆ ಮ್ಯಾಚ್ ಇದ್ಯೇನಪ್ಪ?”

ಪಾಪ, ಕೆಂಪಾದ. ಆಮೇಲೆ ಒಳ್ಳೆಯವುಗಳನ್ನೇ ತೋರಿಸಿದ. ಪ್ಲಾಸ್ಟಿಕ್ ಮೈಯವು ಹಗುರ, ಆದರೆ ಹಗುರವಾದಷ್ಟೂ ಕೈಯಲ್ಲಿ ಜಿಗಿಯುತ್ತವೆ. ಕಣ್ಣು ಮುಚ್ಚಿ ಎತ್ತು, ಆಮೇಲೆ ಕಣ್ಣು ಬಿಡು ಅಂತ ನಡೀನ್. ಕಣ್ಣು ಬಿಟ್ಟಾಗ ನಳಿಗೆಯ ಮುಂದಿನ ಗುರಿಮೊನೆ ಹಿಂದಿನ ಕಚ್ಚಿನೊಳಗೆ ತಾನಾಗಿ ಕೂತಿರಬೇಕು. ಹುಡುಕುವಂತಿರಬಾರದು.

ಕೊನೆಯದು ಉಕ್ಕಿನದು. ತೆಳು ಹಿಡಿ, ತೂಕವೆಲ್ಲ ಮುಂದಕ್ಕೆ. ಕಣ್ಣು ಬಿಟ್ಟೆ. ಕೂತಿತ್ತು.

ಕೆಳಗಿಡದೆ ಹಿಡಿದೇ ಇದ್ದೆ. ನಡೀನ್‌ಗೆ ಗೊತ್ತಾಯಿತು. ಸ್ವಲ್ಪ ಮುಂಗಡ ಕೊಟ್ಟು ತೆಗೆದಿಡಲು ಹೇಳಿ ಬಂದೆ. ನನ್ನ ಮದುವೆಯ ಉಂಗುರವನ್ನೂ ನಾನು ಆರಿಸಿರಲಿಲ್ಲ. ಅದು ವೆಂಡೆಲ್‌ನ ಅಮ್ಮನದು.

ಮಾರ್ಚ್ 23, ಮಂಗಳವಾರ

ಪೆರೋಲ್ ಅಧಿಕಾರಿ ಹ್ಯಾಸ್ಕಿನ್ಸ್ ಮನೆ ನೋಡಲು ಬಂದಿದ್ದರು. ಉಳಿದ ಶಿಕ್ಷೆಯನ್ನು ವೆಂಡೆಲ್ ಮನೆಯಲ್ಲೇ, ಇವರ ಕಣ್ಗಾವಲಿನಲ್ಲಿ ಕಳೆಯಬೇಕು. ಮರ್ಯಾದಸ್ಥರು. ಬೂಟು ಒರೆಸಿಕೊಂಡು ಒಳಗೆ ಬಂದರು. ಕಪಾಟು, ಶೆಡ್ಡು, ಮಂಚದ ಕೆಳಗೆ, ಎಲ್ಲ ನೋಡಿದರು. ಮನೆಯಲ್ಲಿ ಬಂದೂಕು ಇದೆಯಾ ಎಂದರು. ಇಲ್ಲ, ಆದರೆ ಮ್ಯಾಚ್ ಆಡುತ್ತೇನೆ, ಒಂದು ಕೊಳ್ಳುವವಳಿದ್ದೇನೆ ಎಂದೆ.

ಟೀ ಲೋಟ ಕೆಳಗಿಟ್ಟರು.

“ಇಟ್ಕೊಳ್ಳೋ ಹಕ್ಕು ನಿಮಗಿದೆ ಮೇಡಂ. ಅವರಿಗಿಲ್ಲ. ಅವರ ಕೈಗೆ ಎಟುಕೋ ಕಡೆ ಒಂದೇ ಒಂದು ಗುಂಡು ಸಿಕ್ರೂ ನಾನು ವಾಪಸ್ ಕರ್ಕೊಂಡು ಹೋಗ್ಬೇಕಾಗುತ್ತೆ. ಮನೆ, ಶೆಡ್ಡು, ಅವರು ಕೂರೋ ಕಾರು. ಹೇಳಿ ಬರೋ ಪದ್ಧತಿನೂ ನಮ್ಮಲ್ಲಿಲ್ಲ.”

ನಮ್ಮಲ್ಲಿರುವುದು ಒಂದೇ ಕಾರು.

ಮಾರ್ಚ್ 26

ಬಂದ. ತೆಳ್ಳಗಾಗಿದ್ದಾನೆ. ಬಾಗಿಲ ಮುಂದೆ ನಿಂತೇ ಇದ್ದ... ಯಾರಾದರೂ ತೆರೆಯಲಿ ಅಂತ.

ಏಪ್ರಿಲ್ 22, ಗುರುವಾರ

ಒಂದು ತಿಂಗಳಿಂದ ಕ್ವಾರಿಯ ಕಡೆ ತಲೆ ಹಾಕಿರಲಿಲ್ಲ. ನಾನು ಅಡುಗೆಮನೆಗೆ ಹೋದರೆ ವೆಂಡೆಲ್ ಅಡುಗೆಮನೆಗೆ ಬರುತ್ತಾನೆ, ಅಂಗಳಕ್ಕೆ ಹೋದರೆ ಅಂಗಳಕ್ಕೆ. ಮಾತಾಡುವುದಕ್ಕಲ್ಲ. ಸುಮ್ಮನೆ ಇರುವುದಕ್ಕೆ. ಬಿಟ್ಟು ಹೋಗಲು ಮನಸ್ಸು ಬರಲಿಲ್ಲ.

ಇವತ್ತು ಅವನೇ ಹೋಗು ಎಂದ. ನನ್ನ ದೆಸೆಯಿಂದ ನೀನು ಬಿಟ್ಟಿದ್ದೇ ಸಾಕಷ್ಟಾಯಿತು, ಇದನ್ನೂ ಬಿಡಬೇಡ ಎಂದ. ಪಿಸ್ತೂಲು ನಡೀನ್‌ಳ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿರಲಿ, ಬೀಗದ ಕೈಯೂ ಅಲ್ಲೇ ಇರಲಿ ಎಂದು ಮಾತಾಯಿತು. ಹ್ಯಾಸ್ಕಿನ್ಸ್‌ಗೆ ಫೋನ್ ಮಾಡಿ ಕೇಳಿದೆ. ಮನೆಗೆ, ಕಾರಿಗೆ ಬರದಿದ್ದರೆ ಆಯಿತು ಎಂದರು.

ಕೊಂಡೆ! ನನ್ನದು. ನಡೀನ್‌ಳ ಟ್ರಕ್ಕಿನಲ್ಲಿ ಕ್ವಾರಿಗೆ ಹೋದೆವು. ಸೀಟಿ ಕೇಳಿಸಿದ್ದೇ ತಡ, ಕೈ ತಾನಾಗಿ ಏರಿತು. ಗುಂಡು ಹಾರಿದ ಒದೆತ ಭುಜದವರೆಗೆ ಬರಲೇ ಇಲ್ಲ, ಅಂಗೈಯಲ್ಲೇ ಸತ್ತುಹೋಯಿತು. ಮೊದಲ ಸುತ್ತಿನಲ್ಲೇ ಹೆಂಗಸರಲ್ಲಿ ಎರಡನೆಯವಳು.

ಮನೆಗೆ ಬಂದು ಪೂರ್ತಿ ಹೇಳಿದೆ. ಕೇಳಿದ. ಪಿಸ್ತೂಲಿನ ಬಣ್ಣ ಯಾವುದು ಅಂತ ಮಾತ್ರ ಕೇಳಿದ.

ಮೇ 15, ಶನಿವಾರ

ಆದದ್ದನ್ನು ಆದ ಹಾಗೇ ಬರೆದಿಡುತ್ತೇನೆ.

ಬಟ್ಟೆ ಒಗೆಯುವುದು ವೆಂಡೆಲ್. ಜೈಲಿನೊಳಗೆ ಅದೇ ಕೆಲಸ ಕೊಟ್ಟಿದ್ದರು, ಚೆನ್ನಾಗಿ ಮಾಡುತ್ತಾನೆ. ಒಣಗಿಸುವ ಮಷೀನಿನಲ್ಲಿ ಟಕ ಟಕ ಸದ್ದು. ನಾಣ್ಯ ಇರಬೇಕು ಅಂದುಕೊಂಡೆ. ಸದ್ದು ನಿಂತಿತು. ಕರೆದ. ಜೋರಾಗಿ ಅಲ್ಲ.

ಹೋಗಿ ನೋಡಿದರೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಾನೆ, ಎರಡೂ ಕೈ ಮೇಲೆ. ಮಷೀನಿನ ಬಾಯಲ್ಲಿ ನನ್ನ ಪ್ಯಾಂಟು. ಅದರ ಪಕ್ಕ ಒಂದು ಗುಂಡು. ಹಾರಿಸದ್ದು. ಮಡಿಚಿದ ಕಾಲತುದಿಯಲ್ಲಿ ಬಿದ್ದು ಬಂದಿರಬೇಕು. ಮನೆಗೆ ಬರುವ ಮುಂಚೆ ಎಲ್ಲ ಕೊಡವುತ್ತೇನೆ. ಕೊಡವಿದ್ದೆ.

“ನಾನದನ್ನ ಮುಟ್ಟಿಲ್ಲ,” ಎಂದ. “ಮುಟ್ಟಿಲ್ಲ ಅನ್ನೋದನ್ನ ನೋಡ್ದೆ ತಾನೆ ನೀನು?”

ನೋಡಿದೆ ಎಂದೆ. ಮತ್ತೊಂದು ಸಲ ಹೇಳು ಎಂದ. ಹೇಳಿದೆ.

ಅದನ್ನು ಎಲ್ಲಿಗೆ ಒಯ್ಯುವುದು? ಕಾರಿನಲ್ಲಿ ಇಡುವಂತಿಲ್ಲ. ಹುಲ್ಲಿಗೆ ಎಸೆದರೆ ಹ್ಯಾಸ್ಕಿನ್ಸ್ ಕಾಲಿಗೇ ಸಿಕ್ಕಬಹುದು. ಮುಷ್ಟಿಯಲ್ಲಿ ಹಿಡಿದು ನಡೆದೇ ನಡೀನ್‌ಳ ಮನೆಗೆ ಹೋದೆ, ಹೆದ್ದಾರಿಯ ಅಂಚಿನಲ್ಲಿ. ಚರ್ಚಿನ ಹೆಂಗಸೊಬ್ಬಳು ಕಾರು ನಿಲ್ಲಿಸಿ ಬಿಡಲಾ ಅಂತ ಕೇಳಿದಳು. ಗಾಳಿಗೆ ಬಂದಿದ್ದೇನೆ ಎಂದೆ. ಕಿರುಬೆರಳಿನ ಅರ್ಧದಷ್ಟಿದೆ ಅದು. ದಾರಿಯುದ್ದಕ್ಕೂ ಅದರ ತೂಕವೇ.

ವಾಪಸ್ ಬಂದಾಗ ನನ್ನ ಡ್ರಾಯರುಗಳೆಲ್ಲ ಮಂಚದ ಮೇಲೆ ಬೋರಲಾಗಿದ್ದವು. ಸಾಕ್ಸುಗಳನ್ನು ಒಂದೊಂದಾಗಿ ಒಳಮೈ ಹೊರಗೆ ಮಾಡಿದ್ದ. ಸಿಟ್ಟಿಲ್ಲ, ನಿನ್ನ ಮೇಲೆ ಒಂಚೂರೂ ಸಿಟ್ಟಿಲ್ಲ ಅಂದ. ಬೆವರುತ್ತಿದ್ದ.

ನಾನೇ ಹೇಳಿದೆ, ಇನ್ನು ಮೇಲೆ ಕ್ವಾರಿಯಿಂದ ಬಂದಾಗ ಬೇಕಾದರೆ ಬಾಗಿಲಲ್ಲೇ ನೋಡಿಬಿಡು ಅಂತ. ನಾನೇ.

ಮೇ 20, ಗುರುವಾರ

ನೋಡಿದ. ಹೊಸ್ತಿಲಲ್ಲಿ ಎರಡೂ ಕೈ ಎತ್ತಿ ನಿಂತೆ; ಕಾಲರು, ಹೊಲಿಗೆ, ಜೇಬಿನ ಒಳಮೈ, ಶೂವಿನ ನಾಲಗೆ, ಜುಟ್ಟಿನೊಳಗೆ. ಅವಸರವಿಲ್ಲ. ಬೆರಳುಗಳಿಗೆ ಕೆಲಸ ಗೊತ್ತಿದೆ. ಜೈಲಿನಲ್ಲಿ ಅವನಿಗೆ ಎಷ್ಟು ಸಲ ಹೀಗೆ ಮಾಡಿರಬೇಕು ಎಂದು ಅಳು ಬಂತು. ಮುಗಿದ ಮೇಲೆ ಥ್ಯಾಂಕ್ಸ್ ಅಂದ.

ಜೂನ್ 8

ಡೆಲಿಯಿಂದ ಬಂದಾಗಲೂ ನೋಡುತ್ತಿದ್ದಾನೆ. ಇವತ್ತು ಗುರುವಾರವಲ್ಲ ಎಂದೆ. ಗೊತ್ತು ಎಂದ.

ಜೂನ್ 24, ಗುರುವಾರ

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ಡೆಲಿಯ ಹಿಂದೆ. ಬೆಳಿಗ್ಗೆ ಪಿಸ್ತೂಲು ಒರೆಸಿಡಲು ನಡೀನ್‌ಳ ಮನೆಗೆ ಹೋದೆ. ಬಾಗಿಲು ತೆರೆದಳು. ನಾನು ಹೊಸ್ತಿಲಲ್ಲಿ ನಿಂತು ಎರಡೂ ಕೈ ಎತ್ತಿದೆ.

ಅವಳು ನೋಡಿ, “ಏನೇ, ಉಣ್ಣಿ ಹತ್ತಿದ್ಯಾ? ನೋಡ್ಲಾ?” ಅಂದಳು. ಬೇಸಿಗೆಯಲ್ಲಿ ಕಾಡಿನಿಂದ ಬಂದರೆ ಎಲ್ಲರೂ ಒಬ್ಬರ ಮೈ ಒಬ್ಬರು ನೋಡಿ ಉಣ್ಣಿ ತೆಗೆಯುವುದೇ.

ಹೌದು ಎನ್ನಬಹುದಿತ್ತು. ಎನ್ನಲಿಲ್ಲ. ಕೈ ಇಳಿಸುವುದೂ ಮರೆತೆ. ಅವಳೇ ಹಿಡಿದು ಇಳಿಸಿದಳು, ಒಳಗೆ ಕೂರಿಸಿದಳು. ಎಲ್ಲ ಹೇಳಿದೆ. ಬೈಯಲಿಲ್ಲ ಅವಳು. ಬೈದಿದ್ದರೆ ವೆಂಡೆಲ್‌ನ ಪರವಾಗಿ ಮಾತಾಡಿ ಹಗುರಾಗುತ್ತಿದ್ದೆ. ಬಿಸಿ ಬನ್ನಿನಂಥ ಬಿಸ್ಕತ್ತಿಗೆ ಗ್ರೇವಿ ಹಾಕಿ ಮುಂದಿಟ್ಟು, ಹಿಂದಿನ ಕೋಣೆ ಖಾಲಿ ಇದೆ ಅಂದಳು, ಅಷ್ಟೇ.

ಜುಲೈ 9, ಶುಕ್ರವಾರ

ನಿನ್ನೆ ಹೇಳಿಬಿಟ್ಟೆ, ಇನ್ನು ಕೈ ಎತ್ತುವುದಿಲ್ಲ ಎಂದು. ಹಾಗಾದರೆ ಮಾರು ಎಂದ. ಪಿಸ್ತೂಲು ಇಲ್ಲೆಲ್ಲೂ ಇಲ್ಲವಲ್ಲ, ಅದರ ತಪ್ಪೇನು ಎಂದೆ.

ಅವನು ಮೇಜಿನ ಮೇಲೆ ಅಂಗೈ ಮಗುಚಿಟ್ಟು ನೋಡುತ್ತ ಕೇಳಿದ, “ನಾನು ವಾಪಸ್ ಹೋದ್ರೂ ಪರವಾಗಿಲ್ವಾ ನಿಂಗೆ?”

ಇದಕ್ಕೆ ಯಾವ ಉತ್ತರ ಕೊಟ್ಟರೂ ಪಿಸ್ತೂಲು ಹೋಗುತ್ತದೆ.

ಜುಲೈ 17, ಶನಿವಾರ

ಮಾರಿದೆ. ಕ್ಲಬ್ಬಿಗೆ ಹೊಸದಾಗಿ ಸೇರಿದ ಕೊರಿನ್‌ಗೆ. ಸ್ಕೂಲಿನಲ್ಲಿ ಸಂಗೀತದ ಟೀಚರ್, ಕೈ ನನ್ನದರಷ್ಟೇ. ಮೊದಲ ಪಿಸ್ತೂಲು, ಏನು ನೋಡಬೇಕು ಹೇಳಿ ಅಂದಳು. ಕಣ್ಣು ಮುಚ್ಚಿ ಎತ್ತಿ, ಆಮೇಲೆ ಕಣ್ಣು ಬಿಡಿ ಎಂದೆ. ಬಿಟ್ಟಳು. ಅವಳ ಮುಖದಲ್ಲೇ ಗೊತ್ತಾಯಿತು. ಅದರ ಹಿಡಿಗೆ ನನ್ನ ಕೈಯ ಬೆವರು ಇನ್ನೂ ಇತ್ತು.

“ಇಷ್ಟು ಒಳ್ಳೇದನ್ನ ಯಾಕೆ ಕೊಡ್ತಿದೀರಿ?”

ಮನೆಯಲ್ಲಿ ಜಾಗವಿಲ್ಲ ಎಂದೆ. ನಡೀನ್ ಆ ಕಡೆ ತಿರುಗಿ ಟಾರ್ಗೆಟ್ ಹಲಗೆ ಜೋಡಿಸುತ್ತ ನಿಂತಳು.

ಜುಲೈ 18, ಭಾನುವಾರ

ವೆಂಡೆಲ್ ಅತ್ತ. ನನ್ನ ಎರಡೂ ಕೈ ಹಿಡಿದು ತುಂಬ ಹೊತ್ತು ಅತ್ತ. ಚರ್ಚಿನಿಂದ ಬಂದು ಅವನೇ ಮೀಟ್‌ಲೋಫ್ ಮಾಡಿದ. ರಾತ್ರಿ ನಿದ್ದೆ ಬಂತಂತೆ, ಜೈಲಿನಿಂದ ಬಂದ ಮೇಲೆ ಮೊದಲ ಸಲ. ನನಗೂ ಸಂತೋಷವೇ. ಸಂತೋಷ ಅಂತಲೇ ಬರೆಯುತ್ತೇನೆ.

ಜುಲೈ 19

ಸಂಜೆ ಡೆಲಿಯಿಂದ ಬಂದೆ. ಬಾಗಿಲಲ್ಲಿ ನಿಂತಿದ್ದ.

ಮಾರಿಬಿಟ್ಟೆನಲ್ಲ ವೆಂಡೆಲ್ ಎಂದೆ.

“ಗೊತ್ತು ಕಣೇ. ಸುಮ್ನೆ, ಒಂದ್ಸಲ ನೋಡ್ಬಿಡ್ತೀನಿ.”

ಆಗಸ್ಟ್ 5, ಗುರುವಾರ

ಕಾರಿನಲ್ಲಿ ಕೂತಿದ್ದೇನೆ, ಮನೆಯ ಮುಂದೆ. ಎಂಜಿನ್ ಆರಿಸಿಲ್ಲ. ಮೊನ್ನೆ ಹ್ಯಾಸ್ಕಿನ್ಸ್ ಬಂದಿದ್ದರು. ಎಲ್ಲ ನೋಡಿ, ಮನೆ ತುಂಬ ಅಚ್ಚುಕಟ್ಟಾಗಿದೆ ಮೇಡಂ, ವೆಂಡೆಲ್ ಚೆನ್ನಾಗಿ ಹೊಂದಿಕೊಂಡಿದ್ದಾರೆ, ಇದೆಲ್ಲ ನಿಮ್ಮಿಂದ ಎಂದು ಹೊಗಳಿ ಹೋದರು. ವೆಂಡೆಲ್ ನನ್ನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ. ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ನನ್ನ ಕಾಲರ್ ನೋಡಿದ.

ಕೆಟ್ಟವನಲ್ಲ ಅವನು. ಇದನ್ನು ದಿನಾ ಹೇಳಿಕೊಳ್ಳುತ್ತೇನೆ. ನಿಜವೂ ಹೌದು. ಅದರಿಂದ ಏನೂ ಬದಲಾಗುವುದಿಲ್ಲ.

ಬಾಗಿಲು ತೆರೆದು ಜಗಲಿಗೆ ಬಂದ. ನನ್ನನ್ನು ನೋಡಿದ್ದಾನೆ. ಕೈ ಬೀಸಿದ. ನಾನೂ ಬೀಸಿದೆ. ಕಾಯುತ್ತಿದ್ದಾನೆ, ತೋಳು ಮಡಿಚಿಕೊಂಡು.

ಒಂದು ಸಲ, ಇಳಿದು, ಕೈ ಕೆಳಗೇ ಇಟ್ಟುಕೊಂಡು ಅವನ ಮುಂದೆ ನಿಲ್ಲುತ್ತೇನೆ. ಅವನು ದಾರಿ ಬಿಟ್ಟರೆ ಒಳಗೆ ಹೋಗಿ ಊಟಕ್ಕಿಡುತ್ತೇನೆ. ಬಿಡದಿದ್ದರೆ ನಡೀನ್‌ಳ ಹಿಂದಿನ ಕೋಣೆ...

ಮೆಟ್ಟಿಲಿಳಿದು ಬರುತ್ತಿದ್ದಾನೆ. ಯಾಕೆ ಇಳಿಯುತ್ತಿಲ್ಲ ಅಂತ ಸನ್ನೆ ಮಾಡುತ್ತಿದ್ದಾನೆ. ಕಿಟಕಿಯ ಹತ್ತಿರ ಬಂದ. ನನ್ನ ಕೈ ಎರಡೂ ಅವನಿಗೆ ಕಾಣುವಂತೆ ಸ್ಟೀರಿಂಗ್ ಮೇಲಿವೆ, ಇಲ್ಲ, ಒಂದು ಬರೆಯುತ್ತಿದೆ, ಅದನ್ನೂ ಈಗ—