ಮೀನಿಗೆ ನೆಲವಿಲ್ಲ

ಮಂಗಳವಾರ, ಬೆಳಗಿನ ಕಾಫಿ ಆರುವ ಮೊದಲು

ಚೂಟಿಗೆ ಸೋದರಮಾವನ ಆಶೀರ್ವಾದಗಳು.

ಆಶೀರ್ವಾದವನ್ನು ಆಮೇಲೆ ತೆಗೆದುಕೊ. ಮೊದಲು ಎದ್ದು ಹೋಗಿ ಮೀನಿನ ತೊಟ್ಟಿಯ ಪ್ಲಗ್ಗುಗಳನ್ನೆಲ್ಲ ಗೋಡೆಯಿಂದ ಕಿತ್ತು ಬಾ. ಸ್ವಿಚ್ಚು ಆರಿಸಿದರೆ ಸಾಲದು, ಕೀಳಬೇಕು. ಕೈ ಒಣಗಿರಲಿ, ಕಾಲಲ್ಲಿ ರಬ್ಬರ್ ಚಪ್ಪಲಿ ಇರಲಿ. ತೊಟ್ಟಿಯನ್ನಾಗಲಿ ಅದರ ಕಬ್ಬಿಣದ ಸ್ಟ್ಯಾಂಡನ್ನಾಗಲಿ ಮುಟ್ಟಬೇಡ. ಪ್ಲಗ್ಗಿನ ಹತ್ತಿರ ನೀರು ಕಂಡರೆ ಮೇನ್ ಸ್ವಿಚ್ಚನ್ನೇ ಇಳಿಸು. ಮಗು ಗುಬ್ಬಿಯನ್ನು ಅವಳಪ್ಪನ ಕಂಕುಳಿಗೆ ಕೊಟ್ಟು ಹೋಗು.

ಕಿತ್ತೆಯಾ? ಇಲ್ಲ. ನನಗೆ ಗೊತ್ತು. ‘ಮಾವನ ಹೊಸ ನಾಟಕ’ ಎಂದು ನಕ್ಕು ಈ ಸಾಲಿಗೆ ಬಂದಿದ್ದೀಯ. ಹೊರಗೆ ಹಾರ್ನ್ ಕೇಳುತ್ತಿದೆಯಲ್ಲ? ಈ ಕಾಗದ ತಂದುಕೊಟ್ಟ ಬ್ರೆಡ್ ವ್ಯಾನಿನವನದು. ನಿನ್ನ ತೊಟ್ಟಿಯ ನೀರು ಬೆಚ್ಚಗಿಡುವ ಹೀಟರು ಅವನ ಕೈಗೆ ಬರುವವರೆಗೂ ಹಾರ್ನ್ ನಿಲ್ಲಿಸಬೇಡ ಎಂದು ಹೇಳಿದ್ದೇನೆ. ಅವನು ನನ್ನ ಶಿಷ್ಯ. ನಾನು ಹೇಳಿದರೆ ಬೀದಿಯ ನಾಯಿಗಳೆಲ್ಲ ಸೇರಿದರೂ ಕದಲುವುದಿಲ್ಲ.

ನೀನು ನಂಬದಿರುವುದಕ್ಕೆ ಕಾರಣ ಉಂಟು, ಒಪ್ಪಿದೆ. ಮೀನು ಸಾಕಲು ಪರವಾನಗಿ ಬೇಕು, ಮೀನಿನ ಎರಡು ಭಾವಚಿತ್ರಗಳೊಂದಿಗೆ ಖುದ್ದು ಹಾಜರಾಗತಕ್ಕದ್ದು ಎಂದು ಕೆಂಪು ಮಸಿಯಲ್ಲಿ ಸರ್ಕಾರಿ ಕಾಗದ ಬರೆದವನು ನಾನೇ. ನೀನು ನಿನ್ನ ಮೀನು ದೊರೆಸಾನಿಯನ್ನು ಜಾಡಿಯಲ್ಲಿ ಕೂರಿಸಿಕೊಂಡು ಕಚೇರಿಯ ಸಾಲಿನಲ್ಲಿ ಅರ್ಧ ದಿನ ನಿಂತೆ. ಗುಮಾಸ್ತ ಬಿದ್ದು ಬಿದ್ದು ನಕ್ಕನಂತೆ. ಮನೆಗೆ ಬಂದವಳೇ ನನಗೆ ಒಂದೇ ಸಾಲಿನ ಕಾಗದ ಹಾಕಿದೆ: ‘ಇನ್ನು ನಿಮ್ಮ ಮಾತು ನಂಬಿದರೆ ನನ್ನ ಕಿವಿ ಕತ್ತರಿಸಿ.’ ಅಲ್ಲಿಂದೀಚೆಗೆ ನಿನ್ನ ಕಾಗದಗಳೆಲ್ಲ ಅತ್ತೆಯ ಹೆಸರಿಗೇ. ಆ ಸರ್ಕಾರಿ ಭಾಷೆ ಮಾತ್ರ ಅದ್ಭುತವಾಗಿತ್ತು ಬಿಡು. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ನನ್ನನ್ನು ಹೆಚ್ಚಾಗಿ ಬಾಗಿಲ ಹೊರಗೇ ನಿಲ್ಲಿಸುತ್ತಿದ್ದರು, ಒಳಗಿದ್ದರೆ ಉಳಿದ ಮಕ್ಕಳಿಗೆ ಕಲಿಯಲು ಏನೂ ಉಳಿಯುವುದಿಲ್ಲವೆಂದು.

ಅಕ್ಷರ ನೋಡಿ ಹುಬ್ಬೇರಿಸಬೇಡ. ಇದು ನಿನ್ನ ಅತ್ತೆಯ ಕೈಬರಹ. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ರಾಜರು ಎಲ್ಲಾದರೂ ತಾವೇ ಲೇಖನಿ ಹಿಡಿಯುತ್ತಾರೆಯೇ? ನಾನೇ ಹೊರಟು ಬರುತ್ತಿದ್ದೆ. ಆದರೆ ಇಲ್ಲಿ ನಾನಿಲ್ಲದಿದ್ದರೆ ಬೀದಿಯ ಲೈಟೂ ಹತ್ತುವುದಿಲ್ಲ. ನಿಮ್ಮ ಬೀದಿಗೆ ಫೋನು ಇನ್ನೂ ಬಂದಿಲ್ಲ. ಹಾಗಾಗಿ ಕಾಗದವೇ ಗತಿ.

ಈಗ ವಿಷಯ. ನೀನು ಹೋದ ವಾರ ಅತ್ತೆಗೆ ಬರೆದೆ: ‘ತೊಟ್ಟಿಗೆ ಕೈ ಹಾಕಿದರೆ ಬೆರಳೆಲ್ಲ ಜುಮ್ ಅನ್ನುತ್ತೆ ಅತ್ತೆ, ನಮ್ಮ ದೊರೆಸಾನಿ ಮುತ್ತು ಕೊಡ್ತಾಳೆ.’ ನಿನ್ನ ಗಂಡ, ಬೋರ್ಡಿಗೆ ಬಣ್ಣ ಬಳಿಯುವ ಮಹಾನುಭಾವ, ಬ್ರಷ್ಷು ತೊಳೆಯುತ್ತಾ ಹೇಳಿದನಂತೆ: ‘ಕರೆಂಟು ಗಿರೆಂಟು ಇದ್ದಿದ್ರೆ ಮೀನು ಸಾಯ್ತಿರ್ಲಿಲ್ವೇನೇ? ನೋಡು, ಎಷ್ಟು ಮಜವಾಗಿ ಈಜ್ತಿದೆ!’

ಅವನನ್ನು ಬೈಯುವ ಹಾಗಿಲ್ಲ. ಇಂಥದೇ ಮಾತನ್ನು ಈ ಮನೆಯಲ್ಲಿ ನಾನೂ ಆಡಿದ್ದೆ. ನೀನು ಮೀನು ಸಾಕಿದ ಮೇಲೆ ನಾನೇನು ಕಡಿಮೆ ಎಂದು ನಾನೂ ಒಂದು ತೊಟ್ಟಿ ಇಟ್ಟೆನಲ್ಲ. ಹೀಟರುಗಳನ್ನು ಇಬ್ಬರೂ ಒಂದೇ ಅಂಗಡಿಯಲ್ಲಿ ಒಟ್ಟಿಗೆ ಕೊಂಡೆವು, ಅವಳಿ ಮಕ್ಕಳ ಹಾಗೆ. ಮೊನ್ನೆ ಅತ್ತೆ ನೆಲ ಒರೆಸುತ್ತಾ ತೊಟ್ಟಿಯ ಗಾಜಿಗೆ ಅಂಟಿದ ಪಾಚಿ ತೆಗೆಯಲು ನೀರಿಗೆ ಕೈ ಹಾಕಿ, ‘ಅಯ್ಯೋ, ಜುಮ್ ಅಂತು ರೀ!’ ಎಂದಳು. ನಾನು ಏನೆಂದೆ ಗೊತ್ತೇ? ‘ಮದುವೆಯಾದ ಹೊಸದರಲ್ಲಿ ನಾನು ಕೈ ಮುಟ್ಟಿದಾಗಲೂ ನೀನು ಹಾಗೇ ಅಂದಿದ್ದೆ. ಈಗ ಮೀನು ಬಂತು, ನಾನು ಹಳಬನಾದೆ.’ ಅವಳು ಒದ್ದೆ ಬಟ್ಟೆಯನ್ನು ನನ್ನ ಮೇಲೆ ಎಸೆದಳು.

ಈ ‘ಜುಮ್’ ಅನ್ನುವ ಮಾತೇ ಮೋಸದ್ದು ಕಣೇ. ಪ್ರೀತಿಗೂ ಅದೇ, ಕಾಲು ಮರಗಟ್ಟಿದರೂ ಅದೇ, ಕರೆಂಟಿಗೂ ಅದೇ. ಹಾವು ಕಚ್ಚಿದರೆ ಯಾರೂ ಮುತ್ತು ಅನ್ನುವುದಿಲ್ಲ. ಕರೆಂಟು ಮೆಲ್ಲಗೆ ಕಚ್ಚಿದರೆ ಅನ್ನುತ್ತೇವೆ.

ಮೀನು ಯಾಕೆ ಸಾಯಲಿಲ್ಲ ಅನ್ನುವುದನ್ನು ಹೇಳುತ್ತೇನೆ, ಗಂಡನಿಗೂ ಓದಿ ಹೇಳು. ಲೈಟುಕಂಬದ ತಂತಿಯ ಮೇಲೆ ಗುಬ್ಬಚ್ಚಿ ಕೂರುತ್ತದೆ. ಏನೂ ಆಗುವುದಿಲ್ಲ. ಯಾಕೆ? ಅದರ ಕಾಲು ತಂತಿಯ ಮೇಲೆ ಮಾತ್ರ ಇದೆ, ನೆಲದ ಮೇಲಿಲ್ಲ. ಕರೆಂಟಿಗೆ ಬೇಕಾದದ್ದು ನೆಲಕ್ಕೆ ಇಳಿಯುವ ದಾರಿ. ಹೀಟರಿನ ಗಾಜು ಕೂದಲೆಳೆಯಷ್ಟು ಸೀಳಿದರೂ ಸಾಕು, ಒಳಗಿನ ಕರೆಂಟು ತೊಟ್ಟಿಯ ನೀರಿಗೆಲ್ಲ ಹಬ್ಬುತ್ತದೆ. ಮೀನು ಆ ನೀರಿನಲ್ಲೇ ತೇಲುತ್ತಿದೆ, ಅದಕ್ಕೆ ನೆಲವೇ ಇಲ್ಲ. ನಿನಗೆ ನೆಲ ಇದೆ. ನೀನು ಕೈ ಹಾಕಿದ ಗಳಿಗೆಯಲ್ಲಿ ದಾರಿ ನೀನೇ ಆಗುತ್ತೀಯ. ನೀನು ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳುವವಳು, ಅದಕ್ಕೇ ಇನ್ನೂ ಬರೀ ಜುಮ್. ಬರಿಗಾಲು, ಒದ್ದೆ ನೆಲ ಆಗಿದ್ದರೆ ಕಥೆಯೇ ಬೇರೆ.

ಬೇರೆ ಹೇಗೆ ಎಂದರೆ, ನನ್ನ ಪರಿಚಯದ ಒಬ್ಬರಿಗೆ ಆಯಿತು. ಬಹಳ ಗಟ್ಟಿಗರು, ನೋಡಲೂ ಲಕ್ಷಣವಾಗಿದ್ದಾರೆ, ಹೆಸರು ಬೇಡ. ಹೆಂಡತಿಯ ಮಾತು ಸುಳ್ಳೆಂದು ತೋರಿಸಲು ಚಪ್ಪಲಿ ಬಿಚ್ಚಿಟ್ಟು, ಆಗತಾನೇ ಒರೆಸಿದ ನೆಲದ ಮೇಲೆ ನಿಂತು, ಅಂಗಿಯ ತೋಳು ಮಡಚಿ ತೊಟ್ಟಿಗೆ ಕೈ ಹಾಕಿದರು. ತೆಗೆಯಬೇಕೆಂದರೆ ಕೈ ಬರಲಿಲ್ಲವಂತೆ. ಬೆರಳುಗಳು ಹೀಟರನ್ನೇ ಬಿಗಿಯಾಗಿ ಹಿಡಿದುಕೊಂಡವಂತೆ, ಕೂಗಲು ಬಾಯಿ ತೆರೆದರೆ ದನಿಯೂ ಇಲ್ಲವಂತೆ. ಆಮೇಲೆ ಅವರು ಚೆನ್ನಾಗಿಯೇ ಇದ್ದಾರೆ. ಅಂಥವರನ್ನು ಕರೆಂಟು ಏನು ಮಾಡೀತು?

ಆದರೆ ಎಲ್ಲರೂ ಅವರಷ್ಟು ಗಟ್ಟಿಗರಲ್ಲ. ನಿನ್ನ ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು. ಅತ್ತೆ ಅದನ್ನು ಸಂತೋಷದಿಂದ ಎರಡೆರಡು ಸಲ ಓದಿದ್ದಳು: ‘ಗುಬ್ಬಿ ನಿಲ್ಲೋದು ಕಲಿತಳು, ತೊಟ್ಟಿಯ ಸ್ಟ್ಯಾಂಡು ಹಿಡಿದುಕೊಂಡು ನಿಂತು ಮೀನಿನ ಜೊತೆ ಮಾತಾಡ್ತಾಳೆ, ನೀರಿಗೆ ಬೆರಳು ಅದ್ದೋಕೆ ಎಗರ್ತಾಳೆ.’

ಚೂಟಿ, ತಂತಿಯ ಮೇಲಿನ ಗುಬ್ಬಿಗೆ ಏನೂ ಆಗುವುದಿಲ್ಲ. ನಮ್ಮ ಗುಬ್ಬಿ ನೆಲದ ಮೇಲೆ ನಿಲ್ಲಲು ಕಲಿತಿದ್ದಾಳೆ.

ಈಗಲಾದರೂ ಎದ್ದೆಯಾ?

ಹೀಟರನ್ನು ಪ್ಲಗ್ ಕಿತ್ತ ಮೇಲೆಯೇ ನೀರಿನಿಂದ ತೆಗೆದು ವ್ಯಾನಿನವನಿಗೆ ಕೊಡು. ಪಂಪನ್ನೂ ಲೈಟನ್ನೂ ವಿದ್ಯುತ್ ಕೆಲಸದವನು ಬಂದು ನೋಡುವ ತನಕ ಹಾಕಬೇಡ. ಚಳಿಗೆ ದೊರೆಸಾನಿ ಸಾಯುತ್ತಾಳೆಂದು ಅಳಬೇಡ. ತೊಟ್ಟಿಗೆ ಕಂಬಳಿ ಸುತ್ತು, ಬೆಚ್ಚನೆ ನೀರು ತುಂಬಿದ ಬಾಟಲಿಯ ಮುಚ್ಚಳ ಬಿಗಿದು ತೇಲಿಬಿಡು. ಉಸಿರಿಗೆ ಆಗಾಗ ಲೋಟದಲ್ಲಿ ನೀರು ಎತ್ತಿ ಎತ್ತಿ ಸುರಿ. ಕೆಲಸದವನಿಗೆ ಹೇಳು, ಮೂರು ಕಾಲಿನ ಪ್ಲಗ್ಗು ಬೇಕು, ಅದರ ಮೂರನೆಯ ಕಾಲಿಗೆ ನಿಜವಾದ ಅರ್ಥಿಂಗ್ ಇರಬೇಕು. ಕರೆಂಟು ದಾರಿ ತಪ್ಪಿದ ತಕ್ಷಣ ತಾನೇ ಕಡಿದುಕೊಳ್ಳುವ ಸ್ವಿಚ್ಚು ಸಿಗುತ್ತದೆ, ಅದನ್ನೂ ಹಾಕಿಸು. ವೈರುಗಳನ್ನು ಪ್ಲಗ್ಗಿಗಿಂತ ಕೆಳಕ್ಕೆ ಜೋಲು ಬಿಟ್ಟು ಆಮೇಲೆ ಮೇಲಕ್ಕೆ ಒಯ್ಯಲಿ. ವೈರಿನ ಗುಂಟ ಇಳಿದ ನೀರು ಆ ಜೋಲಿನಲ್ಲೇ ತೊಟ್ಟಿಕ್ಕಿಹೋಗುತ್ತದೆ, ಪ್ಲಗ್ಗಿನವರೆಗೆ ಏರುವುದಿಲ್ಲ. ಇಷ್ಟೆಲ್ಲ ಆದ ಮೇಲೂ, ಪ್ಲಗ್ ಕೀಳದೆ ನೀರಿಗೆ ಕೈ ಹಾಕಿದವರು ನನ್ನ ಸಂಬಂಧಿಕರಲ್ಲ.

ಇದೆಲ್ಲ ನಾಟಕ ಎಂದು ಆಮೇಲೆ ತಿಳಿದರೆ ಬಂದು ನನ್ನ ಕಿವಿ ಕತ್ತರಿಸು. ಎರಡೂ ನಿನ್ನವೇ.

ಇಂತಿ,
ಬೀದಿಗೇ ಬೆಳಕು ಕೊಡುವ ನಿನ್ನ ಮಾವ

ಮರೆತ ಮಾತು: ಇಲ್ಲಿಂದ ಮುಂದಿನದನ್ನು ನಾನು, ಅತ್ತೆ, ನನ್ನದಾಗಿ ಬರೆಯುತ್ತಿದ್ದೇನೆ. ಅವರು ಈಗ ನಿದ್ದೆ ಹೋಗಿದ್ದಾರೆ. ಆ ಲಕ್ಷಣವಾದ ಗಟ್ಟಿಗರು ಯಾರೆಂದು ನಿನಗೆ ಗೊತ್ತಾಗಿರಬೇಕು. ಅವರನ್ನು ಮುಟ್ಟಿ ಎಳೆಯಲು ಹೋಗಿದ್ದರೆ ಇಬ್ಬರೂ ಹೋಗುತ್ತಿದ್ದೆವು. ಯಾವ ದೇವರು ಬುದ್ಧಿ ಕೊಟ್ಟನೋ, ಓಡಿಹೋಗಿ ಮೇನ್ ಸ್ವಿಚ್ಚು ಇಳಿಸಿದೆ. ಮರ ಬಿದ್ದ ಹಾಗೆ ಬಿದ್ದರು. ಅಂಗೈ ಸುಟ್ಟಿದೆ, ಬಲಗೈ ಎತ್ತಲಾಗುತ್ತಿಲ್ಲ. ಎದೆಬಡಿತ ಸರಿಹೋಗುವವರೆಗೆ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ನನಗೂ ಬರಲಾಗಲಿಲ್ಲ. ಎಚ್ಚರವಾದ ಕೂಡಲೇ ಜಂಬ ಕೊಚ್ಚುತ್ತಾರೆ ಅಂದುಕೊಂಡೆ. ನೀರೂ ಕೇಳಲಿಲ್ಲ ಕಣೇ. ‘ಚೂಟಿ ಕಾಗದ ಎಲ್ಲಿ? ಗುಬ್ಬಿ ಏನು ಹಿಡ್ಕೊಂಡು ನಿಂತಳು ಅಂತ ಬರೆದಿದ್ಲು, ಓದು’ ಅಂದರು. ಓದಿದೆ. ಆಗ ಅತ್ತರು. ಇದನ್ನು ಬರೆಯಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ.

*(ಕೆಳಗೆ, ಎಡಗೈಯಲ್ಲಿ ಗೀಚಿದ ಸೊಟ್ಟ ಅಕ್ಷರಗಳಲ್ಲಿ)*

ನಾನು ನಿದ್ದೆ ಮಾಡಿರಲಿಲ್ಲ. ಅತ್ತೆ ಬರೆದದ್ದೆಲ್ಲ ಸುಳ್ಳು. ಪ್ಲಗ್ಗು ಮಾತ್ರ ನಿಜ.