ಕೌದಿ ಹಿಂಡಿದ ಕೈ

ಸಂಶಿ
ತಾ. ೧೪-೨-೧೯೮೬

ಧಾರವಾಡದಲ್ಲಿ ಟೀಚರ್ ಟ್ರೇನಿಂಗ್ ಕಲಿಯುತ್ತಿರುವ ನನ್ನ ಮಗಳು ಹನಮವ್ವನಿಗೆ, ನಿನ್ನ ಜಂಬದ ಅವ್ವ ಮಾದೇವಿಯ ತುಂಬು ಆಶೀರ್ವಾದ.

ನನ್ನ ಮುಂಗೈ ಎಲುಬು ಮುರಿದ ಸುದ್ದಿ ನಿನಗೆ ಆಗಲೇ ಮುಟ್ಟಿದೆಯಂತೆ. ಬಿದ್ದು ಮುರಿದುಕೊಂಡಳು ಎಂದು ಹೇಳಿರುತ್ತಾರೆ. ನಾನು ಬೀಳಲಿಲ್ಲ. ಹಳ್ಳದ ದಂಡೆಯಲ್ಲಿ ಕೌದಿ ಒಗೆದು ಹಿಂಡುತ್ತಿದ್ದೆ, ಅಷ್ಟೇ. ಲಟಕ್ಕೆಂದಿತು. ಮೂವತ್ತೇಳು ವರ್ಷದ ಹೆಂಗಸಿನ ಕೈ ಒಂದು ಕೌದಿಗೆ ಮುರಿಯುತ್ತದೆ ಎಂದರೆ ಯಾರು ನಂಬುತ್ತಾರೆ?

ಆ ಕೌದಿಯ ಸಂಗತಿ ನಿನಗೆ ಹೇಳಲೇಬೇಕು, ಸಿಟ್ಟಾಗಬೇಡ. ತಿಂಗಳಿಗೆ ಮೂರು ದಿನ ನಾನು ಕಡೆಗೆ ಕೂಡುತ್ತಿದ್ದುದನ್ನು ನೀನು ಕಂಡಿದ್ದೀ. ಒಲೆ ಮುಟ್ಟದೆ, ದೇವರ ಜಗಲಿಯ ಹತ್ತಿರ ಸುಳಿಯದೆ, ಪಡಸಾಲೆಯ ಮೂಲೆಯಲ್ಲಿ ಆ ಹರಕು ಕೌದಿಯ ಮೇಲೆ. ನಾಲ್ಕನೆಯ ದಿನ ಅದನ್ನು ಒಗೆದು, ಮೈತೊಳೆದುಕೊಂಡು ಒಳಗೆ ಬರುವುದು. ನೀನೇ ಎಷ್ಟು ಸಲ ದೂರದಿಂದ ನನಗೆ ರೊಟ್ಟಿ ಹಾಕಿಲ್ಲ? ಮಗಳೇ, ನಾಲ್ಕು ವರ್ಷದಿಂದ ಅದೆಲ್ಲ ನಾಟಕ. ಕಿಡ್ನಿ ಸರಿಯಿಲ್ಲವೆಂದು ಹುಬ್ಬಳ್ಳಿಯಲ್ಲಿ ಹೇಳಿದರಲ್ಲ, ಅದಾದ ಮೇಲಿನ ಸುಗ್ಗಿಯಲ್ಲೇ ನನ್ನ ಮುಟ್ಟು ನಿಂತಿತು. ಓಣಿಯ ಒಬ್ಬಳಿಗಾದರೂ ಸುಳಿವು ಹತ್ತಿದ್ದರೆ ಕೇಳು! ನಿಜ ಅನಿಸಲಿ ಎಂದು ಒಮ್ಮೊಮ್ಮೆ ಎರಡು ದಿನ ತಡಮಾಡಿಯೂ ಕೂತಿದ್ದೇನೆ.

ಯಾಕೆ ಎಂದು ಕೇಳುತ್ತೀ. ನನಗೆ ಹುಟ್ಟಿದವಳು ನೀನೊಬ್ಬಳೇ. ಗಂಡು ಕೂಸಿನ ದಾರಿಯನ್ನು ನನ್ನ ಅತ್ತೆ, ನಿನ್ನ ಆಯಿ, ಕಾಯುತ್ತಲೇ ಇದ್ದಳು. ಮುಟ್ಟು ನಿಂತಿತೆಂದರೆ ನಿನ್ನ ಅಪ್ಪನಿಗೆ ಇನ್ನೊಂದು ಮದುವೆಯ ಮಾತು ಎದ್ದೇ ಏಳುತ್ತಿತ್ತು. ಅವರು ಒಲ್ಲೆನೆನ್ನುತ್ತಿದ್ದರೋ ಹೂಂ ಅನ್ನುತ್ತಿದ್ದರೋ ನನಗೆ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಹುಬ್ಬಳ್ಳಿಯ ದವಾಖಾನೆಗೆ ಆಯಿ, ಅಪ್ಪ ಇಬ್ಬರೂ ಬಂದಿದ್ದರು. ಡಾಕ್ಟರರು ಎಕ್ಸರೇ ಹಿಡಿದು ನೋಡಿ, ಎಲುಬು ತೆಳುವಾಗಿದೆ, ಮುಟ್ಟು ಸರಿಯಾಗಿ ಬರುತ್ತದೆಯೇ ಎಂದು ಕೇಳಿದರು. ಹಿಂದೆ ಕಿಡ್ನಿ ತೋರಿಸಲು ಹೋದಾಗಲೂ ಕೇಳಿದ್ದರು. ಆಗಿನಂತೆ ಈಗಲೂ ಆಯಿಯೇ ಮೊದಲು ಬಾಯಿ ಹಾಕಿದಳು: “ಒಂದ ತಿಂಗಳಾನೂ ತಪ್ಪಿಲ್ರಿ. ಈ ಸಲಾನೂ ಕಡಿಗಿ ಕುಂತಿದ್ದ ಕೌದಿ ಒಗ್ಯಾಕ ಹೋಗೇ ಕೈ ಮುರಕೊಂಡಾಳ್ರಿ.” ಡಾಕ್ಟರರು ಅದನ್ನೇ ಬರೆದುಕೊಳ್ಳತೊಡಗಿದರು. ನಾಳೆ ಸೊಂಟ ಮುರಿದರೂ ಇದನ್ನೇ ಬರೆಯುತ್ತಾರೆ ಎನಿಸಿತು ನನಗೆ. ಸೆರಗು ಸರಿಮಾಡಿಕೊಂಡು ಎದ್ದು ನಿಂತೆ. “ಸುಳ್ಳರಿ ಅದು,” ಎಂದೆ. “ನಿಂತು ನಾಕು ವರ್ಷಾತ್ರಿ. ಸುಮ್ಮನ ಕುಂಡ್ರತಿದ್ದೆ.”

ನಿನ್ನ ಅಪ್ಪ ಗೋಡೆ ನೋಡುತ್ತ ನಿಂತರು. ಡಾಕ್ಟರರು ಮಾತ್ರ ಬರೆದದ್ದನ್ನು ಹೊಡೆದುಹಾಕಿ ನನ್ನ ಕಡೆ ತಿರುಗಿ ಕೂತರು. ಕಿಡ್ನಿ ಸೊರಗಿದರೆ ಹೆಣ್ಣಿನ ಮೈಯಲ್ಲಿ ಹಾರ್ಮೋನು ಎಂಬುದು ಕಡಿಮೆಯಾಗುತ್ತದಂತೆ, ಮುಟ್ಟು ಬೇಗ ನಿಂತದ್ದು ಅದಕ್ಕೇ. ಆ ಹಾರ್ಮೋನೇ ಎಲುಬಿನ ಕಾವಲು. ಕೆಟ್ಟ ಕಿಡ್ನಿ ಮೊದಲೇ ಎಲುಬನ್ನು ಟೊಳ್ಳು ಮಾಡುತ್ತಿತ್ತು, ಕಾವಲೂ ಹೋದ ಮೇಲೆ ಕೇಳುವವರೇ ಇಲ್ಲ. ಮೊದಲೇ ಹೇಳಿದ್ದರೆ ಕೈ ಉಳಿಯುತ್ತಿತ್ತೇನೋ ಎಂದರು, ಅದು ನನಗೆ ನಾಟಿತು. ಆಮೇಲೆ ಸೊಂಟದ ಫೋಟೋ ತೆಗೆಸಿದರು. ತೆಳುವಾಗಿದೆ, ಆದರೆ ಮುರಿದಿಲ್ಲ. ಎಲುಬಿಗೆ ಔಷಧಿ ಸುರುವಾಗಿದೆ. ಹಾರ್ಮೋನಿನ ಗುಳಿಗೆ ಕೊಡಬಹುದೋ ಇಲ್ಲವೋ, ಅಲ್ಲಿಯ ಹೆಂಗಸರ ಡಾಕ್ಟರಬಾಯಿಯನ್ನು ಕೇಳಿ ಹೇಳುತ್ತಾರಂತೆ.

ಹನಮವ್ವಾ, ನನ್ನ ಸೊಂಟವನ್ನು ಉಳಿಸಿಕೊಂಡವಳು ನಾನೇ. ಬಸ್ಸಿನಲ್ಲಿ ಬರುವಾಗ ಕೈ ಸಿಡಿಯುತ್ತಿತ್ತು, ಎದೆ ಮಾತ್ರ ಉಬ್ಬಿತ್ತು. ನಾಳೆ ಯಾವ ಡಾಕ್ಟರರು ನಿನ್ನನ್ನು ಏನು ಕೇಳಿದರೂ ನೀನೇ ಹೇಳು, ನಿನ್ನ ಮೈಯ ಸುದ್ದಿಯನ್ನು ಇನ್ನೊಬ್ಬರ ಬಾಯಿಗೆ ಬಿಡಬೇಡ. ಆಯಿ ಮೂರು ದಿನದಿಂದ ನನ್ನೊಡನೆ ಮಾತಾಡಿಲ್ಲ. ಇನ್ನೊಂದು ಮದುವೆಯ ವಿಚಾರ ನಿನ್ನ ಅಪ್ಪನಿಗೆ ಬಿಟ್ಟದ್ದು. ನಾನಂತೂ ಇನ್ನು ಸುಳ್ಳೇ ಕಡೆಗೆ ಕೂಡುವವಳಲ್ಲ.

ನಿನ್ನ ಅವ್ವ,
ಮಾದೇವಿ

ತಾ.ಕ.: ಇದು ನಿನ್ನ ಅಪ್ಪ ಉಡಚಪ್ಪ. ಮೇಲಿನದನ್ನೆಲ್ಲ ಅವಳು ಹೇಳಿದಳು, ನಾನು ಬರೆದೆ; ಅಕ್ಷರ ನೋಡಿಯೇ ನೀನು ಗುರುತಿಸಿರುತ್ತೀ. ಇನ್ನೊಂದು ಮದುವೆಯ ಮಾತು ಬಂದಾಗ ನನ್ನ ಪೆನ್ನು ನಿಂತಿತು. “ನಿಂದ್ರಬ್ಯಾಡ್ರಿ, ಬರೀರಿ,” ಎಂದಳು. ಬರೆದೆ. ಹೋದ ವರ್ಷ ನನ್ನ ಅವ್ವನ ಮಾತು ಕಟ್ಟಿಕೊಂಡು ನವಲಗುಂದದ ಕಡೆ ಒಂದು ಹೆಣ್ಣು ನೋಡಿ ಬಂದಿದ್ದೆ. ನಿನ್ನ ಅವ್ವನಿಗೆ ಗೊತ್ತಿಲ್ಲ. ನಿನ್ನೆ ಹೋಗಿ ಒಲ್ಲೆನೆಂದು ಹೇಳಿ ಬಂದೆ. ಅದೂ ಗೊತ್ತಿಲ್ಲ. ಇಷ್ಟು ಹೊತ್ತು ಏನು ಬರೆಯುತ್ತೀರಿ ಎಂದು ಈಗ ಕೇಳುತ್ತಿದ್ದಾಳೆ. ಲಕೋಟೆ ಅಂಟಿಸುವ ಮೊದಲು ಇದನ್ನೂ ಅವಳಿಗೆ ಓದಿ ಹೇಳುತ್ತೇನೆ.